ಕೋಳಿ ಕರುಳು, ರಕ್ತ, ಮೀನಿನ ತಲೆ: ಇದನ್ನೆಲ್ಲ ಮೀನಿನ ಫೀಡ್ ಮಾಡೋದು ಹೇಗೆ

ಮೀನು ಸಾಕೋರ ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ಫೀಡಿಗೇ ಹೋಗತ್ತೆ, ಆ ಫೀಡಲ್ಲೂ ದುಡ್ಡು ನುಂಗೋದು ಪ್ರೋಟೀನು. ಪ್ರೋಟೀನು ಅಂದ ತಕ್ಷಣ ಎಲ್ಲರ ತಲೇಗೆ ಬರೋದು ಫಿಶ್‌ಮೀಲ್, ಸಮುದ್ರದ ಸಣ್ಣ ಮೀನು ಬೇಯಿಸಿ ಒಣಗಿಸಿ ಮಾಡಿದ ಪುಡಿ. ಈ ಕಡೆ ಕೋಳಿ ಕಟ್ ಮಾಡೋ ಜಾಗದಲ್ಲಿ ಕರುಳು, ತಲೆ, ಕಾಲು, ರಕ್ತ ದಿನಾ ಡ್ರಮ್ಮುಗಟ್ಲೆ ಬೀಳ್ತಿರತ್ತೆ, ಮೀನು ಫಿಲೆಟ್ ಮಾಡೋ ಕಡೆಯಂತೂ ತಿಲಾಪಿಯ ತರದ ಮೀನಲ್ಲಿ ತೂಕದ ಮೂರನೇ ಒಂದು ಭಾಗ ಮಾತ್ರ ಫಿಲೆಟ್ಟು, ಅಂದ್ರೆ ಮೂಳೆ ಬಿಡಿಸಿದ ಮಾಂಸ, ಮಿಕ್ಕಿದ್ದೆಲ್ಲ ಪಕ್ಕಕ್ಕೆ. ಅದನ್ನ ಗುಂಡಿ ತೋಡಿ ಹೂಳೋದು ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಅದು ಕಸ ಅಲ್ಲ, ಸರಿಯಾಗಿ ಮಾಡಿದ್ರೆ ಫಿಶ್‌ಮೀಲ್ ಜಾಗದಲ್ಲಿ ಅರ್ಧದಷ್ಟಾದ್ರೂ ಕೂತ್ಕೊಳ್ಳೋ ಸಾಮಾನು.

ಆದ್ರೆ ತಂದು ಹಸಿಯಾಗಿ ಹೊಂಡಕ್ಕೆ ಸುರಿಯೋದಿದ್ಯಲ್ಲ, ದಯವಿಟ್ಟು ಅದನ್ನ ಮಾಡ್ಬೇಡಿ. ನಾನು ಶುರು ಮಾಡಿದಾಗ ಅದನ್ನೇ ಮಾಡಿದ್ದೆ, ಕ್ಯಾಟ್‌ಫಿಶ್ ಹೊಂಡಕ್ಕೆ ಎರಡು ವಾರ ಹಸಿ ಕರುಳು ಹಾಕ್ದೆ, ಮೀನು ಮುಗಿಬಿದ್ದು ತಿಂತಿದ್ವು, ಖುಷಿಯಾಗ್ತಿತ್ತು, ಒಂದು ದಿನ ಬೆಳಗಿನ ಜಾವ ಹೋಗಿ ನೋಡಿದ್ರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರ್ಕೊಂಡು ಒದ್ದಾಡ್ತಿವೆ, ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಂಡ ಖಾಲಿ. ಆಗಿದ್ದು ಇಷ್ಟೇ: ತಿಂದು ಬಿಟ್ಟಿದ್ದು ತಳದಲ್ಲಿ ಕೊಳೀತು, ಕೊಳೆಸೋ ಬ್ಯಾಕ್ಟೀರಿಯಾ ನೀರಿನ ಆಕ್ಸಿಜನ್ ಎಳ್ಕೊಂಡ್ವು, ರಾತ್ರಿ ಹೊತ್ತು ಪಾಚಿ ಆಕ್ಸಿಜನ್ ಕೊಡಲ್ಲ ಬದಲಿಗೆ ಅದೂ ಎಳ್ಕೊಳ್ಳತ್ತೆ, ಜೊತೆಗೆ ಅಮೋನಿಯಾ ಬೇರೆ ಏರಿತ್ತು. ಇದಲ್ದೆ ಹಸಿ ವೇಸ್ಟಲ್ಲಿ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರ್ಬಹುದು, ಅದು ಮೀನಿಗೆ ಏನೂ ಮಾಡ್ದೇ ಇದ್ರೂ ಮೀನಿನ ಕರುಳಲ್ಲಿ ಕೂತು ಕೊನೆಗೆ ಮನುಷ್ಯರ ಅಡುಗೆಮನೆಗೆ ಬರತ್ತೆ. ಹಸಿ ಮೀನಿನ ವೇಸ್ಟಿಗೆ ಇನ್ನೊಂದು ತೊಂದ್ರೆ ಇದೆ, ಕೆಲವು ಜಾತಿ ಮೀನಿನ ಹೊಟ್ಟೆ ಭಾಗದಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇರತ್ತೆ, ಅದು ಫೀಡಲ್ಲಿರೋ ಬಿ1 ವಿಟಮಿನ್ನನ್ನ ಒಡೆದು ಹಾಕತ್ತೆ, ಬೇಯಿಸಿದ್ರೆ ಮಾತ್ರ ಆ ಕಿಣ್ವ ಸಾಯತ್ತೆ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯ ತಾಜಾತನ, ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ಜನ ಮಷಿನ್ ಯಾವ್ದು, ಫಾರ್ಮುಲಾ ಯಾವ್ದು ಅಂತ ಕೇಳ್ತಾರೆ, ಕತ್ತರಿಸಿದ್ಮೇಲೆ ಎಷ್ಟು ಹೊತ್ತಿಗೆ ಒಲೆ ಮೇಲೆ ಹೋಯ್ತು ಅಂತ ಯಾರೂ ಕೇಳಲ್ಲ, ಆದ್ರೆ ಫೀಡಿನ ಕ್ವಾಲಿಟಿ ಅರ್ಧ ಅಲ್ಲೇ ತೀರ್ಮಾನ ಆಗಿರತ್ತೆ. ಬೆಚ್ಚಗಿನ ವಾತಾವರಣದಲ್ಲಿ ಕರುಳು ಕೆಲವೇ ಗಂಟೇಲಿ ಕೆಡೋಕೆ ಶುರು. ಕೊಳೆತಾಗ ಪ್ರೋಟೀನ್ ಒಡೆದು ಹಿಸ್ಟಮಿನ್ ತರದ ಅಮೀನ್‌ಗಳಾಗ್ತವೆ, ಅವು ಬೇಯಿಸಿದ್ರೂ ಹೋಗಲ್ಲ. ಅಂದ್ರೆ ಬ್ಯಾಕ್ಟೀರಿಯಾನ ಬೇಯಿಸಿ ಸಾಯಿಸ್ಬಹುದು, ಅದು ಆಗ್ಲೇ ಮಾಡಿಟ್ಟಿರೋ ವಿಷಾನ ಬೇಯಿಸಿ ತೆಗೆಯೋಕಾಗಲ್ಲ. ಹಾಗಾಗಿ ಕತ್ತರಿಸೋರ ಜೊತೆ ಮೊದ್ಲೇ ಮಾತಾಡ್ಕೊಂಡು ಮುಚ್ಚಳ ಇರೋ ಡ್ರಮ್ ನೀವೇ ಕೊಟ್ಟಿರಿ, ರಕ್ತ ಬೇರೆ, ಕರುಳು ಬೇರೆ, ಪುಕ್ಕ ಬೇರೆ, ಪ್ಲಾಸ್ಟಿಕ್ ಕವರು, ದಾರ, ಬ್ಲೇಡು ಒಳಗೆ ಬೀಳ್ಬಾರ್ದು ಅಂತ ಹೇಳಿ, ಎರಡು ಮೂರು ಗಂಟೆ ಒಳಗೆ ಎತ್ಕೊಂಡು ಬನ್ನಿ, ಆಗಲ್ಲ ಅಂದ್ರೆ ಐಸ್ ಹಾಕ್ಸಿ. ಮುಚ್ಚಳ ತೆಗೆದಾಗ ಅಮೋನಿಯಾ ನಾತ ಮೂಗಿಗೆ ಹೊಡೀತು ಅಂದ್ರೆ ಆ ಡ್ರಮ್ಮು ಗೊಬ್ಬರಕ್ಕೆ, ಫೀಡಿಗಲ್ಲ, ಎಷ್ಟೇ ತೂಕ ಇರ್ಲಿ.

ಏನು ತಗೋಬಾರ್ದು ಅನ್ನೋದೂ ಅಷ್ಟೇ ಮುಖ್ಯ. ರೋಗ ಬಂದು ಸತ್ತ ಪ್ರಾಣಿ, ಸಾಗಿಸುವಾಗ ಸತ್ತ ಕೋಳಿ, ಕಾರಣ ಗೊತ್ತಿಲ್ದೆ ಸತ್ತಿದ್ದು ಯಾವ್ದೂ ಬೇಡ. ಆರೋಗ್ಯವಾಗಿದ್ದು, ತಿನ್ನೋಕೆ ಅಂತ ಕಡಿದ ಪ್ರಾಣಿಯ ಮಿಕ್ಕ ಭಾಗ ಮಾತ್ರ. ದನ, ಕುರಿ, ಮೇಕೆಯಂಥ ಮೆಲುಕು ಹಾಕೋ ಪ್ರಾಣಿಗಳ ಮಿದುಳು, ಬೆನ್ನುಹುರಿ ಮುಟ್ಲೇಬೇಡಿ, ಅದರಲ್ಲಿ ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನ್ ಇರೋ ಸಾಧ್ಯತೆ ಇದೆ, ಕುದಿಸಿದ್ರೂ ಅದು ನಾಶ ಆಗಲ್ಲ. ಬ್ರಿಟನ್ನಲ್ಲಿ 1986ರಲ್ಲಿ ಪತ್ತೆಯಾದ ಹುಚ್ಚು ಹಸು ರೋಗ ಹರಡಿದ್ದೇ ದನಗಳಿಗೆ ದನದ್ದೇ ಮಾಂಸ-ಮೂಳೆ ಪುಡಿ ತಿನ್ನಿಸಿದ್ರಿಂದ. ಅದಾದ್ಮೇಲೆ ಯುರೋಪಿಯನ್ ಯೂನಿಯನ್ 2001ರಲ್ಲಿ ಸಾಕುಪ್ರಾಣಿಗಳ ಫೀಡಲ್ಲಿ ಇಂಥ ಪ್ರಾಣಿ ಪ್ರೋಟೀನ್ ಪುಡಿಗಳನ್ನ ನಿಲ್ಲಿಸ್ತು, ಮತ್ತೆ 2013ರ ಜೂನ್ 1ರಿಂದ ಕೋಳಿ, ಹಂದಿಯಂಥ ಮೆಲುಕು ಹಾಕದ ಪ್ರಾಣಿಗಳದ್ದನ್ನ ಮೀನಿಗೆ ಕೊಡ್ಬಹುದು ಅಂತ ಬಿಡ್ತು. ಅದೇ ಪಾಠದಿಂದ ಬಂದ ಇನ್ನೊಂದು ನಿಯಮ, ಯಾವ ಜಾತಿ ಮೀನು ಸಾಕ್ತೀರೋ ಅದೇ ಜಾತಿ ಮೀನಿನ ವೇಸ್ಟು ಅದಕ್ಕೆ ಕೊಡ್ಬಾರ್ದು. ತಿಲಾಪಿಯ ತಲೆ ತಿಲಾಪಿಯಕ್ಕೆ ಹಾಕಿದ್ರೆ ಅದರ ರೋಗ ಅದಕ್ಕೇ ವಾಪಸ್. ಇದರ ಬಗ್ಗೆ ನಿಮ್ಮ ಕಡೆ ಏನು ಕಾನೂನಿದೆ, ಲೈಸೆನ್ಸ್ ಬೇಕಾ ಅಂತ ಮೊದ್ಲೇ ವಿಚಾರಿಸ್ಕೊಳ್ಳಿ, ಆಮೇಲೆ ಕೆಲಸ ಶುರು ಮಾಡಿ.

ಇನ್ನು ಯಾವ್ದರಲ್ಲಿ ಏನಿದೆ. ಚೀಲದ ಮೇಲೆ ಬರೆದಿರೋ ಪ್ರೋಟೀನ್ ಪರ್ಸೆಂಟ್ ನೋಡಿ ಮೋಸ ಹೋಗ್ಬೇಡಿ. ಲ್ಯಾಬಲ್ಲಿ ನೇರ ಪ್ರೋಟೀನ್ ಅಳೆಯಲ್ಲ, ನೈಟ್ರೋಜನ್ ಅಳೆದು 6.25ರಿಂದ ಗುಣಿಸ್ತಾರೆ, ಅದರಲ್ಲಿ ಮೀನಿಗೆ ಜೀರ್ಣ ಆಗೋದೂ ಸೇರತ್ತೆ ಆಗದೇ ಇರೋದೂ ಸೇರತ್ತೆ. ಇದಕ್ಕೆ ಸರಿಯಾದ ಉದಾಹರಣೆ ಪುಕ್ಕ. ಕೋಳಿ ಪುಕ್ಕದ ಪ್ರೋಟೀನ್ 80%ಗಿಂತ ಜಾಸ್ತಿ, ಫಿಶ್‌ಮೀಲಿಗೂ ಮೇಲೆ, ಆದ್ರೆ ಅದು ಕೆರಾಟಿನ್ನು, ಅಂದ್ರೆ ನಮ್ಮ ಉಗುರು ಕೂದಲು ಇದಾವಲ್ಲ ಅದೇ ಸಾಮಾನು, ಗಂಧಕದ ಬೆಸುಗೆ ಹಾಕಿ ಬಿಗಿಯಾಗಿ ಕೂತಿರತ್ತೆ, ಹಂಗೇ ಪುಡಿ ಮಾಡಿ ಹಾಕಿದ್ರೆ ಮೀನಿನ ಹೊಟ್ಟೇಲಿ ಹೋಗಿ ಹಂಗೇ ಆಚೆ ಬರತ್ತೆ. ಫ್ಯಾಕ್ಟರೀಲಿ 2-3 ಬಾರ್ ಒತ್ತಡದ ಹಬೇಲಿ ಅರ್ಧ ಗಂಟೆಗೂ ಮೇಲೆ ಬೇಯಿಸಿ ಆ ಬೆಸುಗೆ ಬಿಡಿಸ್ತಾರೆ, ಮನೆ ಕುಕ್ಕರ್ ಒತ್ತಡ ಅದಕ್ಕೆ ಸಾಲಲ್ಲ. ಹಾಗಾಗಿ ಸಣ್ಣ ಮಟ್ಟದಲ್ಲಿ ಮಾಡೋರು ಪುಕ್ಕದ ಆಸೆ ಬಿಟ್ಬಿಡಿ, ರೆಡಿ ಪುಡಿ ಸಿಕ್ರೆ ತಗೊಳ್ಳಿ, ಅದನ್ನೂ ಫೀಡಿನ 5%ಗಿಂತ ಜಾಸ್ತಿ ಹಾಕ್ಬೇಡಿ, ಲೈಸಿನ್ ಮತ್ತೆ ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟೋ ಇಟ್ಟಿಗೆ ಇದ್ದಂಗೆ) ಅದರಲ್ಲಿ ತುಂಬಾ ಕಮ್ಮಿ.

ರಕ್ತದ ಪುಡಿ ಇದಕ್ಕೆ ಉಲ್ಟಾ. ಪ್ರೋಟೀನ್ 80-90%, ಲೈಸಿನ್ ಭರ್ಜರಿ, ಆದ್ರೆ ಐಸೋಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಮೀನಿಗೆ ಹತ್ತು ಅಮೈನೋ ಆಮ್ಲ ಆಹಾರದಲ್ಲೇ ಬರ್ಬೇಕು, ಹತ್ತರಲ್ಲಿ ಒಂದು ಕಮ್ಮಿಯಾದ್ರೂ ಮಿಕ್ಕ ಒಂಬತ್ತು ಎಷ್ಟೇ ಇದ್ರೂ ಮೈಗೆ ಹತ್ತಲ್ಲ, ಅಮೋನಿಯಾ ಆಗಿ ಕಿವಿರಿಂದ ನೀರಿಗೆ ಹೋಗತ್ತೆ. ಅದಕ್ಕೇ ರಕ್ತಾನೂ 5% ಆಸುಪಾಸಲ್ಲಿ ನಿಲ್ಲಿಸಿ. ರಕ್ತದಲ್ಲಿರೋ ಕಬ್ಬಿಣ ಫೀಡಿನ ಜಿಡ್ಡನ್ನ ಬೇಗ ಕಮಟು ಮಾಡತ್ತೆ, ಅದೂ ನೆನಪಿರ್ಲಿ.

ಮಾಂಸ-ಮೂಳೆ ಪುಡಿಯಲ್ಲಿ ಪ್ರೋಟೀನ್ 45-55%, ಜೊತೆಗೆ ಬೂದಿ ಅಂಶ 30% ಆಸುಪಾಸು, ಎಲ್ಲ ಮೂಳೆಯ ಕ್ಯಾಲ್ಸಿಯಂ ಫಾಸ್ಫರಸ್ಸು. ಗೆಂಡೆ ಜಾತಿ ಮೀನು ಸಾಕೋರು ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ, ಗೆಂಡೆ ಮೀನಿಗೆ ಜಠರ ಅನ್ನೋದೇ ಇಲ್ಲ, ಗಂಟಲಿಂದ ನೇರ ಕರುಳು, ಆಮ್ಲ ಬರಲ್ಲ, ಆಮ್ಲ ಇಲ್ದೆ ಮೂಳೆ ಕರಗಲ್ಲ. ಹಾಗಾಗಿ ಮೂಳೆಯ ಫಾಸ್ಫರಸ್ ಹೆಚ್ಚುಪಾಲು ಹಿಕ್ಕೆ ಜೊತೆ ನೀರಿಗೆ ಹೋಗಿ ಪಾಚಿಗೆ ಗೊಬ್ಬರ ಆಗತ್ತೆ, ನೀರು ಬಟಾಣಿ ಸೂಪಿನ ತರ ಹಸಿರಾಗತ್ತೆ, ರಾತ್ರಿ ಆಕ್ಸಿಜನ್ ಬೀಳತ್ತೆ. ಕ್ಯಾಟ್‌ಫಿಶ್, ತಿಲಾಪಿಯಕ್ಕೆ ಜಠರ ಇದೆ, ಅವು ಸ್ವಲ್ಪ ಪರ್ವಾಗಿಲ್ಲ, ಆದ್ರೂ ಮೂಳೆ ಜಾಸ್ತಿ ಇರೋ ಪುಡಿ ಜಾಸ್ತಿ ಹಾಕ್ಬೇಡಿ.

ಸೀಗಡಿ ತಲೆ, ಸಿಪ್ಪೆಯಲ್ಲಿ ಕೈಟಿನ್ ಅನ್ನೋ ಗಟ್ಟಿ ಪದಾರ್ಥ ಇದೆ, ಅದು ಪ್ರೋಟೀನ್ ಅಲ್ಲ, ಅದರ ನೈಟ್ರೋಜನ್ನೂ ಪ್ರೋಟೀನ್ ಲೆಕ್ಕಕ್ಕೆ ಸೇರಿ ನಂಬರ್ ದೊಡ್ಡದಾಗಿ ಕಾಣತ್ತೆ, ನಿಜವಾದ ಉಪಯೋಗ ಅಂದ್ರೆ ಅದರ ವಾಸನೆಗೆ ಮೀನು ಓಡಿ ಬರ್ತವೆ, ಜೊತೆಗೆ ಕೆಂಪು ಬಣ್ಣ ಕೊಡೋ ಅಸ್ಟಾಕ್ಸಾಂಥಿನ್ ಇದೆ. ಸ್ವಲ್ಪ ಸೇರಿಸಿದ್ರೆ ಚೆನ್ನಾಗಿರತ್ತೆ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು ಕೋಳಿ ಕರುಳು, ಗಿಜರ್ಡ್, ಲಿವರ್, ತಲೆ, ಕಾಲು ಸೇರಿಸಿ ಮಾಡಿದ ಪುಡಿ. ಫ್ಯಾಕ್ಟರಿ ಮಾಲಲ್ಲಿ 60% ಆಸುಪಾಸು ಪ್ರೋಟೀನ್ ಬರತ್ತೆ, ಅಮೈನೋ ಆಮ್ಲದ ಹೊಂದಾಣಿಕೆ ಫಿಶ್‌ಮೀಲಿಗೆ ಸಾಕಷ್ಟು ಹತ್ರ, ಮನೇಲೂ ಮಾಡ್ಬಹುದು. ಮಾಡೋ ರೀತಿ ಹೇಳ್ತೀನಿ.

ಮೊದ್ಲು ಕರುಳು ಉದ್ದಕ್ಕೆ ಸೀಳಿ ಒಳಗಿರೋ ಹಿಕ್ಕೆ ತೆಗೆದು, ಗಿಜರ್ಡ್ ಬಿಡಿಸಿ ಕಲ್ಲು ಮರಳು ಚೆಲ್ಲಿ, ಎರಡು ನೀರಲ್ಲಿ ತೊಳೀರಿ. ಬೇಜಾರಿನ ಕೆಲಸ ಹೌದು, ಬಿಡ್ಬೇಡಿ. ಎರಡು ಮೂರು ಸೆಂಟಿಮೀಟರ್ ತುಂಡು ಮಾಡಿ, ದಪ್ಪ ತುಂಡಿದ್ರೆ ಒಳಗೆ ಬಿಸಿ ಹೋಗಲ್ಲ. ಯುರೋಪಿನ ಫ್ಯಾಕ್ಟರಿಗಳ ಒಂದು ಸ್ಟಾಂಡರ್ಡ್ ಇದೆ, ತುಂಡು 50 ಮಿಲಿಮೀಟರ್ ಒಳಗೆ, 133 ಡಿಗ್ರಿ ಸೆಲ್ಸಿಯಸ್, 3 ಬಾರ್ ಒತ್ತಡ, 20 ನಿಮಿಷ. ನಮಗೆ ಅಷ್ಟು ಆಗಲ್ಲ, ಆದ್ರೆ ದೊಡ್ಡ ಪ್ರೆಶರ್ ಕುಕ್ಕರ್ ಇದ್ರೆ 121 ಡಿಗ್ರಿ ಸಿಗತ್ತೆ, ಒತ್ತಡ ಬಂದ್ಮೇಲೆ ಅರ್ಧ ಗಂಟೆ ಇಡಿ. ತೆರೆದ ಪಾತ್ರೇಲಿ ಕುದಿಸೋದಾದ್ರೆ ಪೂರ್ತಿ ಕುದಿ ಬಂದ್ಮೇಲೆ ಒಂದು ಗಂಟೆ. ಸಾಲ್ಮೊನೆಲ್ಲಾ, ಹಕ್ಕಿಜ್ವರದ ವೈರಸ್ ಇವೆಲ್ಲ 70 ಡಿಗ್ರಿ ದಾಟಿದ್ರೆ ಸಾಯ್ತವೆ, ಆದ್ರೆ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಬರೀ ಕುದಿಸಿದ್ರೆ ಉಳ್ಕೊಂಡ್ಬಿಡ್ತವೆ, ಒದ್ದೆಯಾಗಿ ಮುಚ್ಚಿಟ್ರೆ ಮತ್ತೆ ಬೆಳೀತವೆ, ಹಾಗಾಗಿ ಬೇಯಿಸಿದ್ದನ್ನ ನಾಳೆ ಒಣಗಿಸ್ತೀನಿ ಅಂತ ಇಡ್ಬೇಡಿ, ಅದೇ ದಿನ ಒಣಗೋಕೆ ಹೋಗ್ಬೇಕು.

ಬೆಂದ್ಮೇಲೆ ಮೇಲೆ ತೇಲೋ ಕೊಬ್ಬು ತೆಗೀರಿ. ಇಲ್ಲಿ ಉದಾಸೀನ ಮಾಡಿದ್ರೆ ಪುಡಿಯಲ್ಲಿ ಮೂರನೇ ಒಂದು ಭಾಗ ಜಿಡ್ಡೇ ಆಗತ್ತೆ, ಮಷಿನ್ನಲ್ಲಿ ಅರೆಯೋಕಾಗಲ್ಲ, ಕೆಲವು ವಾರದಲ್ಲಿ ಕಮಟಾಗತ್ತೆ, ಕಮಟು ಜಿಡ್ಡು ತಿಂದ ಮೀನಿನ ಲಿವರ್ ಹಾಳಾಗತ್ತೆ. ಆಮೇಲೆ ಗಟ್ಟಿ ಭಾಗವನ್ನ ಬಟ್ಟೆ ಅಥ್ವಾ ಸ್ಕ್ರೂ ಪ್ರೆಸ್ಸಲ್ಲಿ ಹಿಂಡಿ. ಹಿಂಡಿದ ನೀರು ಚೆಲ್ಬೇಡಿ, ಕರಗಿದ ಪ್ರೋಟೀನ್ ಅದರಲ್ಲಿದೆ, ಕೊಬ್ಬು ತೆಗೆದು ಅದೇ ದಿನ ಪೆಲೆಟ್ (ಫೀಡಿನ ಸಣ್ಣ ಗುಳಿಗೆ) ಹಿಟ್ಟು ಕಲಸೋಕೆ ಬಳಸಿ. ಹಿಂಡಿದ್ದನ್ನ ತೆಳ್ಳಗೆ ಹರಡಿ ಡ್ರೈಯರಲ್ಲಿ 70-80 ಡಿಗ್ರೀಲಿ ಒಣಗಿಸಿ, ಬಿಸಿಲಾದ್ರೆ ಬಲೆ ಮುಚ್ಚಿ, ನೊಣ ಮೊಟ್ಟೆ ಇಟ್ರೆ ಮಾಡಿದ್ದೆಲ್ಲ ವೇಸ್ಟು. ಕೈಯಲ್ಲಿ ಮುರಿದ್ರೆ ಪಟ್ಟಂತ ಮುರೀಬೇಕು, ಬಗ್ಗಿದ್ರೆ ಇನ್ನೂ ನೀರಿದೆ, ತೇವಾಂಶ 10%ಗಿಂತ ಕೆಳಗೆ ಬರ್ಬೇಕು. ಜಾಸ್ತಿ ಉರಿ ಕೊಟ್ಟು ಕಪ್ಪಗೆ ಮಾಡಿದ್ರೆ ಲೈಸಿನ್ ಸುಟ್ಟು ಹೋಗತ್ತೆ, ಬಣ್ಣ ಕಂದು ಇರ್ಬೇಕು ಅಷ್ಟೇ. 100 ಕೆಜಿ ಹಸಿ ಕರುಳಿಗೆ 20-25 ಕೆಜಿ ಪುಡಿ ಅಂತ ಲೆಕ್ಕ ಇಟ್ಕೊಳ್ಳಿ. ರಕ್ತಾನೂ ಹಿಂಗೇ, ಕೈಯಾಡಿಸ್ತಾ ಕುದಿಸಿ ಗಡ್ಡೆ ಕಟ್ಟಿದ್ಮೇಲೆ ಅರ್ಧ ಗಂಟೆ ಕುದಿಯೋಕೆ ಬಿಟ್ಟು ಹಿಂಡಿ ಒಣಗಿಸಿ, 100 ಕೆಜಿಗೆ 15-20 ಕೆಜಿ ಸಿಗತ್ತೆ.

ಒಣಗಿಸೋ ಅನುಕೂಲ ಇಲ್ಲ, ಸಿಗೋದು ಬರೀ ಮೀನಿನ ವೇಸ್ಟು ಅನ್ನೋರಿಗೆ ಸೈಲೇಜ್ ಒಳ್ಳೇ ದಾರಿ. ಮೀನಿನ ತಲೆ, ಕರುಳು ನುಣ್ಣಗೆ ಅರೆದು, 100 ಕೆಜಿಗೆ 85% ಫಾರ್ಮಿಕ್ ಆಸಿಡ್ 3 ಕೆಜಿಯಷ್ಟು ಹಾಕಿ ಚೆನ್ನಾಗಿ ತಿರುವಿ, ಪಿಎಚ್ ಪೇಪರಲ್ಲಿ ನೋಡಿ, 4ಕ್ಕಿಂತ ಕೆಳಗೆ ಇರ್ಬೇಕು. ಮೂಳೆ ಜಾಸ್ತಿ ಇದ್ರೆ ಅದು ಆಸಿಡ್ ನುಂಗತ್ತೆ, ಮಾರನೇ ದಿನ ಮತ್ತೆ ಅಳೆದು ಬೇಕಾದ್ರೆ ಇನ್ನಷ್ಟು ಹಾಕಿ. ಮೀನಿನ ಹೊಟ್ಟೆಯ ಕಿಣ್ವಗಳೇ ಮಾಂಸಾನ ಕರಗಿಸ್ತವೆ, ದಿನಕ್ಕೆರಡು ಸಲ ತಿರುವ್ತಾ ಇದ್ರೆ ಬೆಚ್ಚಗಿನ ಜಾಗದಲ್ಲಿ ಒಂದು ವಾರದ ಆಸುಪಾಸಲ್ಲಿ ಗಂಜಿ ತರ ಆಗತ್ತೆ. ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣ ಬೇಡ. ಆಸಿಡ್ ಚರ್ಮ ಸುಡತ್ತೆ, ಹೊಗೆ ಕಣ್ಣು ಉರಿಸತ್ತೆ, ಗ್ಲೌಸು, ಕನ್ನಡಕ ಹಾಕ್ಕೊಂಡು ಗಾಳಿ ಆಡೋ ಕಡೆ ಮಾಡಿ, ಮಕ್ಕಳ ಕೈಗೆ ಸಿಗ್ಬಾರ್ದು. ಬಳಸೋ ಮೊದ್ಲು ಒಂದ್ಸಲ ಕುದಿಸಿ ತೌಡಿಗೆ ಕಲಸಿ. ತಿಂಗಳುಗಟ್ಲೆ ಇಡ್ಬಹುದು, ಆದ್ರೆ ಜಾಸ್ತಿ ದಿನ ಬಿಟ್ಟಷ್ಟೂ ಪ್ರೋಟೀನ್ ತೀರಾ ಚೂರುಚೂರಾಗತ್ತೆ, ಬೇಗ ಬಳಸಿದ್ರೆ ಒಳ್ಳೇದು.

ಈಗ ಮಿಕ್ಸಿಂಗ್. ದೊಡ್ಡ ಗೆಂಡೆ, ತಿಲಾಪಿಯ, ಕ್ಯಾಟ್‌ಫಿಶ್‌ಗೆ 28-32% ಪ್ರೋಟೀನ್ ಸಾಕು, ಮರಿಗಳಿಗೆ ಇನ್ನೂ ಬೇಕು, ಸೀಬಾಸ್ ತರದ ಬೇಟೆ ಮೀನಿಗೆ 45%ವರೆಗೂ ಬೇಕು. 30%ಗೆ ಒಂದು ಲೆಕ್ಕ: ಮನೇಲಿ ಮಾಡಿದ ಕೋಳಿ ವೇಸ್ಟ್ ಪುಡಿ 55% ಪ್ರೋಟೀನ್ ಅಂತ ಹಿಡಿದು 22 ಕೆಜಿ, ಅದರಿಂದ 12.1 ಕೆಜಿ ಪ್ರೋಟೀನ್; ಸೋಯಾ ಹಿಂಡಿ 46%ದು 26 ಕೆಜಿ, ಅದರಿಂದ 12; ಎಣ್ಣೆ ತೆಗೆದ ಅಕ್ಕಿ ತೌಡು 32 ಕೆಜಿ, 15% ಲೆಕ್ಕದಲ್ಲಿ 4.8, ಮೆಕ್ಕೆಜೋಳದ ಹಿಟ್ಟು 15 ಕೆಜಿ, 1.3, ಒಟ್ಟು 30 ಕೆಜಿ ಪ್ರೋಟೀನ್ ಬಂತು. ಇದು 95 ಕೆಜಿ ಆಯ್ತು, ಮಿಕ್ಕ ಐದರಲ್ಲಿ ಎಣ್ಣೆ 2, ವಿಟಮಿನ್-ಮಿನರಲ್ ಮಿಕ್ಸ್ 2, ಉಪ್ಪು 1. ನಿಮ್ಮ ಪುಡಿಯಲ್ಲೇ ಜಿಡ್ಡು ಇದ್ರೆ ಎಣ್ಣೆ ಬಿಟ್ಟು ಆ 2 ಕೆಜಿ ಜಾಗಕ್ಕೆ ಮೆಕ್ಕೆಜೋಳದ ಹಿಟ್ಟೇ ಜಾಸ್ತಿ ಹಾಕಿ. ಸಮುದ್ರದ ಮೀನಾದ್ರೆ ಮೀನೆಣ್ಣೆ ಬೇಕೇ ಬೇಕು, ಕೋಳಿ ಕೊಬ್ಬಲ್ಲಿ ಒಮೆಗಾ-3ರ ಉದ್ದ ಸರಪಳಿ ಕೊಬ್ಬು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಈ ಪರ್ಸೆಂಟೇಜ್‌ಗಳೆಲ್ಲ ಸಾಮಾನ್ಯ ಲೆಕ್ಕ, ನಿಮ್ಮ ಪುಡಿಯದ್ದು ಒಂದ್ಸಲ ಲ್ಯಾಬಿಗೆ ಕಳ್ಸಿ ಪ್ರೋಟೀನ್, ಜಿಡ್ಡು, ಬೂದಿ ಮೂರೂ ತಿಳ್ಕೊಂಡು ಆಮೇಲೆ ಲೆಕ್ಕ ಹಾಕಿ.

ಎಲ್ಲಾನೂ ನುಣ್ಣಗೆ ಪುಡಿ ಮಾಡಿ ಜರಡಿ ಹಿಡೀರಿ, ಒಂದು ಮಿಲಿಮೀಟರ್ ಒಳಗೆ. ಬಿಸಿ ಸಾರು ನೀರಲ್ಲಿ ಗಟ್ಟಿ ಹಿಟ್ಟು ಕಲಸಿ, ಹಬೇಲಿ 15-20 ನಿಮಿಷ ಬೇಯಿಸಿ, ಜೋಳದ ಗಂಜಿ ಅಂಶ ಬೆಂದು ಅಂಟಾದ್ರೇನೇ ಪೆಲೆಟ್ ನೀರಲ್ಲಿ ನಿಲ್ಲೋದು. ಆರಿದ್ಮೇಲೆ ವಿಟಮಿನ್ ಮಿಕ್ಸ್ ಹಾಕಿ, ಬಿಸಿಗೆ ಹಾಕಿದ್ರೆ ವಿಟಮಿನ್ ಸಿ ಉಳಿಯಲ್ಲ. ಕೀಮಾ ಮಷಿನ್ನಲ್ಲಿ ಮೀನಿನ ಬಾಯಿಗೆ ತಕ್ಕ ತೂತು ಹಾಕಿ ಒತ್ತಿ ನೆರಳಲ್ಲಿ ಗಾಳಿಗೆ ಒಣಗಿಸಿ. ಟೆಸ್ಟ್ ಸುಲಭ, ಗಾಜಿನ ಲೋಟದ ನೀರಿಗೆ ನಾಲ್ಕು ಪೆಲೆಟ್ ಹಾಕಿ ಹತ್ತು ನಿಮಿಷ ಬಿಡಿ, ಕರಗಿ ಪುಡಿಯಾದ್ರೆ ಗಂಜಿ ಸಾಲ್ದು ಅಥ್ವಾ ಸರಿಯಾಗಿ ಬೆಂದಿಲ್ಲ. ಚೀಲಾನ ನೆಲಕ್ಕೆ ತಾಗಿಸ್ದೆ ಮರದ ಹಲಗೆ ಮೇಲೆ ಇಡಿ, ಎರಡು ತಿಂಗಳೊಳಗೆ ಮುಗಿಸಿ, ಬೂಸ್ಟು ಕಂಡ ಚೀಲ ಪೂರ್ತಿ ಬಿಸಾಕಿ, ಮೇಲಿಂದ ಬೂಸ್ಟು ತೆಗೆದು ಕೆಳಗಿಂದು ಹಾಕೋದು ಬೇಡ.

ಹಾಕೋಕೆ ಶುರು ಮಾಡುವಾಗ ಒಂದೇ ದಿನ ಬದಲಾಯಿಸ್ಬೇಡಿ, ಹಳೇ ಫೀಡಿಗೆ ಕಾಲು ಭಾಗ ಹೊಸದು ಸೇರಿಸಿ, ಮೂರ್ನಾಲ್ಕು ದಿನಕ್ಕೊಮ್ಮೆ ಏರಿಸ್ತಾ ಎರಡು ವಾರದಲ್ಲಿ ಪೂರ್ತಿ ಬದಲಾಯಿಸಿ. ಆಗೋದಾದ್ರೆ ಹೊಂಡದಲ್ಲಿ ಎರಡು ಬಲೆ ಪಂಜರ ಹಾಕಿ, ಎರಡರಲ್ಲೂ ಒಂದೇ ಸೈಜಿನ ಅಷ್ಟೇ ಮೀನು ಬಿಟ್ಟು, ಒಂದಕ್ಕೆ ಹಳೇದು ಇನ್ನೊಂದಕ್ಕೆ ಹೊಸದು ಹಾಕಿ 15 ದಿನಕ್ಕೊಮ್ಮೆ ತೂಗಿ. 30 ಕೆಜಿ ಫೀಡಿಗೆ ಮೀನು 18 ಕೆಜಿ ಏರಿದ್ರೆ ಅನುಪಾತ 1.67, ಹಳೇ ಫೀಡಿನ ಅನುಪಾತದ ಪಕ್ಕ ಇಟ್ಟು ನೋಡಿದ್ರೆ ನಿಮ್ಮ ಪುಡಿ ಎಂಥದ್ದು ಅಂತ ಗೊತ್ತಾಗತ್ತೆ. ತೂಗುವಾಗ ಒಂದೆರಡು ಮೀನು ಸೀಳಿ ಲಿವರ್ ನೋಡಿ, ಕೆಂಪು ಕಂದು ಇದ್ರೆ ಸರಿ, ಹಳದಿ ಬಿಳಿಚಿಕೊಂಡು ಮುಟ್ಟಿದ್ರೆ ಜಿಡ್ಡು ಹತ್ತಿದ್ರೆ ಪುಡಿಯಲ್ಲಿ ಕೊಬ್ಬು ಜಾಸ್ತಿ ಉಳಿದಿದೆ ಅಥ್ವಾ ಕಮಟಾಗಿದೆ ಅಂತ ಅರ್ಥ, ಆ ಬ್ಯಾಚು ನಿಲ್ಲಿಸಿ, ಮುಂದಿನ ಸಲ ಬೇಯಿಸುವಾಗ ಇನ್ನೊಂದ್ಸಲ ಹಿಂಡಿ.